ಎದ್ದುಹೋದಪ್ಪನ ಕಟ್ಟೆ

ಬೇಲಗುಂಟೆ ಕೆರೆಯ ಏರಿಯ ಮೇಲೆ, ತೂಬಿನ ಪಕ್ಕದಲ್ಲಿ ಒಂದು ಕಟ್ಟೆಯಿದೆ. ಕಟ್ಟೆಯ ಮೇಲೆ ದೇವರಿಲ್ಲ, ಆದರೂ ದಿನವೂ ಯಾರೋ ಹೂವಿಟ್ಟು ಹೋಗಿರುತ್ತಾರೆ. ಹೊಸಬರು ವಿಗ್ರಹ ಕಳುವಾಯಿತೇನೋ ಎಂದು ಮರುಗುತ್ತಾರೆ. ಕಳುವಾಗಿಲ್ಲ, ತಾನಾಗಿಯೇ ಎದ್ದುಹೋಯಿತು. ಇದು ಆರುನೂರು ವರ್ಷದ ಹಿಂದಿನ ಸಂಗತಿ. ಹೋದ ಸಲ ಕೇಳಿದವರಿಗೆ ನಾನೂರು ಎಂದಿದ್ದೆ, ಅವರು ಅವಸರದಲ್ಲಿದ್ದರು.

ಹಿಂದೆ ಒಮ್ಮೆ ಈ ತೂಬು ಕಟ್ಟಲು ಕಲ್ಲುಕುಟಿಗರು ಬಂದರು ಎನ್ನುತ್ತಾರೆ. ಅವರೊಡನೆ ನೇರವಾಗಿ ಮಾತಾಡಿದರೆ ಮೈಲಿಗೆ ಎಂಬುದು ಊರಿನ ಕಟ್ಟಳೆ. ಹಾಗಾಗಿ ಊರ ಗೌಡ ಬೇವಿನ ಮರಕ್ಕೆ ಮುಖಮಾಡಿ, "ಮರವೇ, ಆ ಚಪ್ಪಡಿ ಇತ್ತ ಸರಿಸಲು ಹೇಳು" ಎನ್ನುವನು. ಕುಟಿಗ ಬೋಮ ಸರಿಸುವನು. ಊರಿನ ಎತ್ತುಗಳನ್ನಾದರೂ ಹೆಸರು ಹಿಡಿದು ಕರೆಯುತ್ತಿದ್ದರು, ಬೋಮನಿಗೆ ಬೈಗುಳವೂ ಮರದ ಮೂಲಕವೇ. ಮೂರು ವರ್ಷ ಹೀಗೆ ಕಳೆದು, ಒಂದು ಬೆಳಿಗ್ಗೆ ಅವನು ಉಳಿ ಕೆಳಗಿಟ್ಟು ಈ ಕಟ್ಟೆಯ ಮೇಲೆ ಕುಳಿತುಬಿಟ್ಟ. ಮೈಯೆಲ್ಲ ಕಲ್ಲಿನ ಪುಡಿ. ಹೆಂಡತಿ ಸಣ್ಣೀರಿ ಮುದ್ದೆ ತಂದು, "ಏಳು ಮಾರಾಯ, ಎರಡು ತುತ್ತು ತಿನ್ನು" ಎಂದು ಅತ್ತಳು. "ಮರಕ್ಕೆ ಹೇಳು" ಎಂದವನು ಮತ್ತೆ ಬಾಯಿ ಬಿಡಲಿಲ್ಲ, ಅನ್ನ ಮುಟ್ಟಲಿಲ್ಲ. ಇವನು ಕುಳಿತಲ್ಲೇ ಮುಗಿದುಹೋಗುತ್ತಾನೆ ಎಂದು ಅವಳಿಗೆ ಖಾತ್ರಿಯಾಯಿತು.

ನಮ್ಮೂರಿನವರಿಗೆ ಒಂದು ಚಾಳಿ: ಅಲ್ಲಾಡದ್ದು ಕಂಡರೆ ಕುಂಕುಮ ಹಚ್ಚುತ್ತಾರೆ. ಗೌಡನ ತಾಯಿ ಹಾಲಜ್ಜಿಗೆ ಕಣ್ಣು ಮಂಜು. ಯಾವುದೋ ಹೊಸ ದೇವರೆಂದು ಕುಂಕುಮವಿಟ್ಟು, ಮೊಣಕಾಲಿನ ನೋವು, ಸೊಸೆಯ ಸಾರಿನ ಉಪ್ಪು ಎಲ್ಲವನ್ನೂ ಅವನ ಮುಖ ನೋಡುತ್ತ ಹೇಳಿಕೊಂಡಳು. ಅವಳ ಹಿಂದೆ ಕಣ್ಣು ಚೆನ್ನಾಗಿದ್ದವರೂ ಬಂದರು. ಕುಟಿಗರ ಮುಖವನ್ನು ಎಂದೂ ನೋಡಿದವರಲ್ಲ, ಗುರುತು ಹತ್ತುವುದು ಹೇಗೆ? ತುಟಿಗೆ ಹಾಲು ತಾಗಿಸಿದರು, ಮುಂದಿಟ್ಟ ಬಾಳೆಹಣ್ಣನ್ನು ಗೌಡನೂ ಪ್ರಸಾದವೆಂದು ತಿಂದ. ದೂರ ನಿಂತಿದ್ದ ಸಣ್ಣೀರಿ ತುಟಿ ಬಿಚ್ಚಲಿಲ್ಲ; ಗಂಡನ ಬಾಯಿಗೆ ಹಾಲಾದರೂ ಇಳಿಯುತ್ತಿತ್ತಲ್ಲ.

ಮೂರನೆಯ ದಿನ ಅಜ್ಜಿ, "ನಾನೊಬ್ಬಳೇ ಎಷ್ಟೂಂತ ಒದರಲಿ? ನೀನೂ ಒಂದು ಮಾತಾಡಪ್ಪಾ" ಎಂದಳು. ಬೋಮನ ಕೆನ್ನೆಯ ಧೂಳಿನಲ್ಲಿ ಎರಡು ಗೆರೆ ಇಳಿದವು. "ಮೊಣಕಾಲಿಗೆ ಬಿಸಿ ಹರಳೆಣ್ಣೆ ಹಚ್ಚವ್ವಾ" ಎಂದ.

ಧೂಳಿನೊಳಗಿರುವುದು ದೇವರಲ್ಲ, ಕುಟಿಗ ಎಂದು ಗೊತ್ತಾಗಿ ಸೇರಿದ್ದವರು ದಿಕ್ಕಾಪಾಲಾದರು. ಗೌಡ ಅಭ್ಯಾಸಬಲದಿಂದ ಬೇವಿನತ್ತ ತಿರುಗಿ, "ಮರವೇ, ಇಳಿಯೋಕೆ ಹೇಳು" ಎಂದ.

"ಮರಕ್ಕೆ ಯಾಕೋ ಹೇಳ್ತೀಯ?" ಅಜ್ಜಿ ಗದರಿದಳು. "ಮೂರು ದಿನದಿಂದ ಅವನ ಪ್ರಸಾದ ತಿಂದಿದ್ದೀಯ. ಮೈಲಿಗೆ ಅಂತ ಒಂದಿದ್ದರೆ ಅದು ಆಗಲೇ ನಿನ್ನ ಹೊಟ್ಟೆಯೊಳಗಿದೆ. ಮುಖ ನೋಡಿ ಮಾತಾಡು."

ಗೌಡ ಮರ ಬಿಟ್ಟು ಅವನತ್ತ ತಿರುಗಿದ. "ನಿನ್ನ ಹೆಸರೇನಪ್ಪಾ?"

"ಬೋಮ."

"ಊಟ ಆಯ್ತಾ, ಬೋಮ?"

"ಇಲ್ಲ ಗೌಡ್ರೆ. ನಮ್ಮಾಕೆ ಕಾಯ್ತಾ ಅವಳೆ" ಎಂದು ಅವನು ಎದ್ದುಹೋದ. ಕಟ್ಟೆಗೆ ಹೆಸರು ಬಂದದ್ದು ಹಾಗೆ.

ತೂಬನ್ನು ಅವನೇ ಮುಗಿಸಿದ. ಇಂದಿಗೂ ಹನಿ ಸೋರುವುದಿಲ್ಲ. ಏರಿ ಇಳಿದು ನೋಡಿದರೆ ತೂಬಿನ ಕಂಬದಲ್ಲಿ ಗೇಣುದ್ದದ ಮುದುಕಿಯೊಬ್ಬಳ ಕೆತ್ತನೆಯಿದೆ. ನೋಡುವವರತ್ತಲೇ ಮುಖ, ಬಾಯಿ ತೆರೆದೇ ಇದೆ. ಬಂದವರು ಎದುರಿಗೆ ತುಸು ಹೊತ್ತು ನಿಲ್ಲುತ್ತಾರೆ. ಹಿರಿಯರು ಮಾತಾಡುತ್ತಿರುವಾಗ ನಡುವೆ ಬಿಟ್ಟು ಹೊರಡಲು ಮನಸ್ಸು ಬರುವುದಿಲ್ಲ.