ಅಗೆಯದ ದಿಬ್ಬದ ಒಲೆಗಲ್ಲು

ಹೊನ್ನಗಲ್ಲಿಗೆ ಬಂದವರನ್ನು ನಾನು ಮೊದಲು ಕೇಳುವುದು ಇದನ್ನೇ: ಸುತ್ತಲ ನೆಲವೆಲ್ಲ ಹಳೆಯ ಚಿನ್ನದ ಗುಂಡಿಗಳಿಂದ ಜರಡಿಯಂತಾಗಿದೆ, ನಡುವಿನ ಈ ದಿಬ್ಬಕ್ಕೆ ಮಾತ್ರ ಯಾರೂ ಗುದ್ದಲಿ ಹಾಕಿಲ್ಲ. ಏಕಿರಬಹುದು, ಹೇಳಿ ನೋಡೋಣ? ಕೆಲವರು ಹಾವು ಎನ್ನುತ್ತಾರೆ, ಕೆಲವರು ಶಾಪ. ಇಲ್ಲಿ ಚಿನ್ನವೇ ಇರಲಿಲ್ಲವೆಂದು ವಾದಿಸಿದ ಇಂಜಿನಿಯರೊಬ್ಬರು ನಮ್ಮ ಮನೆಯಲ್ಲಿ ಎರಡು ಲೋಟ ಚಹಾ ಕುಡಿದು ಸೋಲೊಪ್ಪಿಕೊಂಡು ಹೋದರು. ಚಿನ್ನವಿತ್ತು. ಆದರೂ ಇದು ಅಗೆಯದ ದಿಬ್ಬ.

ಹಿಂದೆ, ಈ ಸೀಮೆ ವಿಜಯನಗರದ ಗಡಿಯಾಗಿದ್ದ ಕಾಲದಲ್ಲಿ, ಅರಮನೆಯವರು ಕೈಬಿಟ್ಟ ಗುಂಡಿಗಳನ್ನು ಸ್ವಂತ ಖರ್ಚಿನಲ್ಲಿ ಅಗೆಯಲು ಅಪ್ಪಣೆ ಪಡೆದು ಕೊಚ್ಚಿಯ ಯೆಹೂದಿ ವರ್ತಕನೊಬ್ಬ ಬಂದನಂತೆ. ಹೆಸರು ಏಲಿಯಾ, ಊರವರ ಬಾಯಲ್ಲಿ ಏಲಿಯಾಶೆಟ್ಟಿ. ಮೂರು ವರ್ಷದೊಳಗೆ ಚಿನ್ನ ತೋರಿಸದಿದ್ದರೆ ಯುಗಾದಿಗೆ ಜಾಗ ಬಿಡಬೇಕೆಂಬುದು ಕರಾರು. ಎರಡನೆಯ ವರ್ಷ ಅವನ ಹೆಂಡತಿ ಮಿರಿಯಂ ಜ್ವರದಲ್ಲಿ ತೀರಿಕೊಂಡಳು. ಅವಳನ್ನು ಈ ದಿಬ್ಬದಲ್ಲಿ ಮಣ್ಣು ಮಾಡಿದ. ಆಮೇಲೆ ವಾರಕ್ಕೊಮ್ಮೆ, ಶುಕ್ರವಾರ ಹೊತ್ತು ಮುಳುಗಿ ಅವರ ವಿಶ್ರಾಂತಿಯ ದಿನ ಶುರುವಾಗುವ ಮುಂಚೆ ಬಂದು, ಗೋರಿ ತೋಡುವಾಗ ಒಳಗಿಂದ ಮೇಲೆ ಬಂದಿದ್ದ ಕಲ್ಲುಗಳಲ್ಲೇ ಒಂದನ್ನು ಆರಿಸಿ ಗೋರಿಯ ಮೇಲಿಡುತ್ತಿದ್ದ. ಅವರಲ್ಲಿ ಸತ್ತವರಿಗೆ ಹೂವಿಡುವುದಿಲ್ಲ, ಕಲ್ಲಿಡುತ್ತಾರೆ.

ಅವನ ಬಳಿ ದುಡಿಯುತ್ತಿದ್ದ ತಿಪ್ಪವ್ವ ಜಾಲಗಾರರವಳು, ಅಂದರೆ ಮಣ್ಣು ತೊಳೆದು ಚಿನ್ನ ಸೋಸುವ ಕುಲದವಳು. ಆ ಕಸುಬಿನಲ್ಲಿ ಯಜಮಾನ ಕಲ್ಲನ್ನು ಆರಿಸಿ ಬೇರೆ ಇಟ್ಟನೆಂದರೆ ಅದನ್ನು ಕುಟ್ಟಿ ಪರೀಕ್ಷಿಸು ಎಂದೇ ಅರ್ಥ. ಪಾಪ, ದುಃಖದಲ್ಲಿ ಬಾಯಿಬಿಟ್ಟು ಹೇಳಲಾರ ಎಂದುಕೊಂಡು, ಗಡುವಿನ ಯುಗಾದಿಗೆ ಮೂರು ದಿನ ಉಳಿದಿದ್ದಾಗ ಗೋರಿಯ ಮೇಲಿನ ಕಲ್ಲೊಂದನ್ನು ಕುಟ್ಟಿ ತೊಳೆದಳು. ಮಣ್ಣು ತೊಳೆಯುವ ಮರದ ಮರಿಗೆಯ ತಳದಲ್ಲಿ ಹಳದಿ ಗೆರೆ ಮಿನುಗಿತು.

“ಶೆಟ್ಟರೇ, ಮೂರು ವರ್ಷ ನಮ್ಮನ್ನ ಕಾಡೆಲ್ಲ ಅಗಿಸಿದ್ರಿ. ಅದು ನಿಮ್ಮ ಮಿರೆವ್ವನ ಮಗ್ಗಲಾಗೇ ಕುಂತಿತ್ತು ನೋಡ್ರಿ.”

ಏಲಿಯಾ ಮರಿಗೆಯನ್ನು ಬಿಸಿಲಿಗೆ ಹಿಡಿದು ನೋಡಿದನಂತೆ. ಅಗೆದರೆ ಗಣಿ ಅವನದು, ಆದರೆ ಹೆಂಡತಿಯನ್ನು ಎಬ್ಬಿಸಬೇಕು. ಅಗೆಯದೆ ಬಿಟ್ಟರೆ ಅವಳನ್ನು ಇಲ್ಲೇ ಬಿಟ್ಟು ಹೋಗಬೇಕು. ಬೇರೆ ಯಾರಿಗಾದರೂ ಗೊತ್ತಾದರೆ ಅವರು ಅಗೆಯುತ್ತಾರೆ. “ಅವಳಿಗೆ ಯಾವಾಗಲೂ ನಿದ್ದೆ ಕಡಿಮೆ, ತಿಪ್ಪವ್ವ. ಈಗ ಮಲಗಿದ್ದಾಳೆ,” ಎಂದನಂತೆ.

ಅದೇ ಮಧ್ಯಾಹ್ನ ಕರಾರಿನ ಲೆಕ್ಕ ಕೇಳಲು ಗಡಿಯ ಅಧಿಕಾರಿ ಬಂದ. ಏನೂ ಸಿಗಲಿಲ್ಲವೆಂದು ಏಲಿಯಾ ಕೈಚೆಲ್ಲಿದ. ಅಧಿಕಾರಿ ದಿಬ್ಬ ತೋರಿಸಿ, ಅಲ್ಲಿ ನೋಡಿದಿರಾ ಎಂದು ತಿಪ್ಪವ್ವನನ್ನೇ ಕೇಳಿದ. ಜಾಲಗಾರರು ಮಣ್ಣಿನ ವಿಷಯದಲ್ಲಿ ಸುಳ್ಳಾಡುವುದಿಲ್ಲವೆಂದು ಅವನಿಗೂ ಗೊತ್ತು.

“ಕುಟ್ಟಿ, ತೊಳದು, ಎಲ್ಲಾ ನೋಡೇನ್ರೀ. ಅಲ್ಲಿ ನಮ್ಮ ಅಕ್ಕ ಮಲಗ್ಯಾಳ, ಅಷ್ಟೇ.”

ಅವನು ಹೋದ ಮೇಲೆ ಅವಳು ಆ ಪುಡಿಯನ್ನು ಚಿನ್ನದ ಸಮೇತ ಗೋರಿಗೆ ಸುರಿದಳು. ಅದು ಪರೀಕ್ಷೆಗಲ್ಲ, ಸತ್ತವಳಿಗೆ ಇಟ್ಟ ಕಲ್ಲೆಂದು ಈಗ ತಿಳಿದು, ಕುಟ್ಟಿದ ಕಲ್ಲಿಗೆ ಬದಲಾಗಿ ಮನೆಯ ಒಲೆಯ ಮೂರು ಕಲ್ಲುಗಳಲ್ಲಿ ಒಂದನ್ನು ಕಿತ್ತು ತಂದು ಮೇಲಿಟ್ಟಳು. ಏಲಿಯಾ ಕೊಚ್ಚಿಗೆ ಹೊರಟುಹೋದ. ವಾರದ ಕಲ್ಲು ಮಾತ್ರ ತಪ್ಪಲಿಲ್ಲ. ತಿಪ್ಪವ್ವ ಇಡುತ್ತಿದ್ದಳು, ಅವಳಾದ ಮೇಲೆ ಅವಳ ಸೊಸೆ, ಆಮೇಲೆ ಊರು.

ಇಂದಿಗೂ ದಿಬ್ಬದ ಮೇಲೆ ಬೆಣಚುಕಲ್ಲುಗಳ ರಾಶಿಯ ನಡುವೆ ಒಂದು ಕರಿಯ ಕಲ್ಲು ಕಾಣುತ್ತದೆ. ಇಷ್ಟು ಮಳೆಗೂ ಮಸಿ ಹೋಗಿಲ್ಲವೆನ್ನುತ್ತಾರೆ. ಕಲ್ಲಿನ ಬಣ್ಣವೇ ಅದಿರಬೇಕೆಂದು ನನ್ನ ಅನುಮಾನ, ಆದರೂ ಹೋದಾಗಲೆಲ್ಲ ಬೆರಳಿಂದ ಸವರಿ ನೋಡುತ್ತೇನೆ. ನೀವೂ ಒಂದು ಕಲ್ಲಿಟ್ಟು ಬನ್ನಿ. ತಿಪ್ಪವ್ವ ತನ್ನದನ್ನಿಟ್ಟದ್ದು ವಿಭವ ಸಂವತ್ಸರದ ಫಾಲ್ಗುಣ ಬಹುಳ ತ್ರಯೋದಶಿ, ಶುಕ್ರವಾರ, ಹೊತ್ತು ಮುಳುಗುವ ಮುಂಚೆ.