ಗೋಡೆಯಡಿಯ ಕಲ್ಲು

"ಬುದ್ಧಿ, ಬೇರೆಯವರು ಮಾಡಿದ ಕೊಳೆಯನ್ನು ನಾನು ಯಾಕೆ ತೆಗೆಯಬೇಕು?"

ಮಠದ ಜಗಲಿಯ ಮೇಲೆ ಕೂತಿದ್ದ ಸ್ವಾಮಿಗಳು ತಲೆಯೆತ್ತಿ ನೋಡಿದರು. ಶಿಷ್ಯ ಚನ್ನವೀರ ಎದುರಿಗೆ ನಿಂತಿದ್ದ. ಮೊಣಕಾಲವರೆಗೆ ಒದ್ದೆ, ಮೊಣಕೈವರೆಗೆ ಕಪ್ಪು. ಕೈಯಲ್ಲೊಂದು ಬಿದಿರು ಕೋಲು. ಅದರ ತುದಿಯಿಂದ ತೊಟ್ಟಿಕ್ಕುತ್ತಿದ್ದ ನೀರು ಏನೆಂದು ಕೇಳುವ ಅಗತ್ಯವಿರಲಿಲ್ಲ, ಮೂಗೇ ಹೇಳುತ್ತಿತ್ತು.

ಯಾತ್ರಿಕರ ಬಚ್ಚಲುಮನೆಯನ್ನು ನೋಡಿಕೊಳ್ಳುವುದು ಚನ್ನವೀರನ ಕೆಲಸ. ಅದಕ್ಕೆ ಅಂಟಿಕೊಂಡಿರುವ ಅಡುಗೆಮನೆ ಇನ್ನೊಬ್ಬ ಶಿಷ್ಯ ಮರುಳಯ್ಯನ ಪಾಲಿಗಿತ್ತು. ಎರಡು ಕಡೆಯ ನೀರೂ ನೆಲದಡಿಯ ಮೋರಿಯಲ್ಲಿ ಕೂಡಿ ತೋಟಕ್ಕೆ ಹೋಗಬೇಕು. ಈಚೆಗೆ ಅದು ಹೋಗುವುದನ್ನೇ ಬಿಟ್ಟಿತ್ತು. ಬೆಳಗಿನಿಂದ ಚನ್ನವೀರ ತನ್ನ ಕಡೆಯಿಂದ ಕೋಲು ಹಾಕಿ ತಳ್ಳಿದ್ದೇ ತಳ್ಳಿದ್ದು. ತೋಳು ಸೋತಿತ್ತು, ನೀರು ಮಾತ್ರ ನಿಂತಲ್ಲೇ ನಿಂತಿತ್ತು.

"ಅನ್ನದ ಅಗುಳು, ಗಂಜಿ, ಹುಣಸೆಹಣ್ಣಿನ ನಾರು, ಎಲ್ಲಾ ಅಡುಗೆಮನೆಯದು ಬುದ್ಧಿ. ನಮ್ಮ ಕಡೆಯಿಂದ ಹೋಗೋದು ಬರೀ ಸ್ನಾನದ ನೀರು. ಸಾಲದ್ದಕ್ಕೆ ಮರುಳಯ್ಯ ಒಳಗೆ ಇಟ್ಟಿಗೆ ಬೇರೆ ಇಟ್ಟಿದ್ದಾನೆ. ಕೋಲಿಗೆ ಟಕ್ ಅಂತ ತಗಲುತ್ತೆ. ನಂಗೆ ಸಾಕಾಯ್ತು. ಅಪ್ಪಣೆ ಕೊಟ್ಟರೆ ಬೇರೆ ಯಾವುದಾದರೂ ಮಠಕ್ಕೆ ಹೋಗಿಬಿಡ್ತೀನಿ."

"ಇಟ್ಟಿಗೆಯನ್ನು ನೋಡಿದೆಯಾ?"

"ನೋಡಬೇಕಾ ಬುದ್ಧಿ? ಕೈಗೆ ಗೊತ್ತಾಗಲ್ವಾ?"

ಸ್ವಾಮಿಗಳು ಕೋಲನ್ನು ಅಂಗಳದಲ್ಲಿಟ್ಟು ಬರಲು ಹೇಳಿದರು. ಚನ್ನವೀರ ಇಟ್ಟು ಬಂದು ಕೂತ. ಅವರು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನಿಗೊಬ್ಬ ತಮ್ಮ, ಎಮ್ಮೆ ಕಟ್ಟಿಕೊಂಡು ಹಾಲು ಮೊಸರು ಮಾರುತ್ತಿದ್ದವನು. ಅಪ್ಪ ಇರುವ ತನಕ ಮನೆ ಒಂದೇ ಆಗಿತ್ತು. ಅಪ್ಪ ತೀರಿಕೊಂಡ ಮೇಲೆ ಪಾಲಾಯಿತು.

ಪಾಲು ಮಾಡಲು ಬಂದ ಪಂಚರು ಬಲು ನ್ಯಾಯವಂತರು. ಹಜಾರದ ನಡುವೆ ಗೋಡೆ ಎಬ್ಬಿಸಿದರು. ಕೋಣೆಗೆ ಕೋಣೆ, ಹಂಡೆಗೆ ಹಂಡೆ ಹಂಚಿದರು. ಬಚ್ಚಲುಮನೆ ವಿಶಾಲವಾಗಿತ್ತು, ಅದರ ನಡುವೆಯೂ ಗೋಡೆ ಬಂತು. ಕೊನೆಗೆ ಮೂಲೆಯಲ್ಲಿ ಉಳಿದದ್ದು ಒಂದು ಉದ್ದನೆಯ ಬಿದಿರು ಕೋಲು. ಬಚ್ಚಲ ಮೋರಿಯನ್ನು ಚೊಕ್ಕಟ ಮಾಡಲು ಅಪ್ಪ ಇಟ್ಟುಕೊಂಡಿದ್ದ ಕೋಲು ಅದು. ಅವನ ಕಾಲದಲ್ಲಿ ಅಣ್ಣ ಈ ತುದಿಯಿಂದ ತಳ್ಳುತ್ತಿದ್ದ, ತಮ್ಮ ಆ ತುದಿಯಲ್ಲಿ ಕೂತು ಬಂದದ್ದನ್ನು ಬಾಚಿ ತೆಗೆಯುತ್ತಿದ್ದ. ಈಗ ಅದು ನನ್ನದು ಎಂದ ಅಣ್ಣ. ನಿನ್ನದು ಹೇಗಾಯಿತು ಎಂದ ತಮ್ಮ. ಪಂಚರು ಗರಗಸ ತರಿಸಿ, ಕೋಲನ್ನು ಸರಿಯಾಗಿ ನಡುವಿಗೆ ಕೊಯ್ದು, ಕೈಗೊಂದು ತುಂಡು ಕೊಟ್ಟರು. ಇಬ್ಬರಿಗೂ ಸಮಾಧಾನವಾಯಿತು. ಮೋರಿ ಯಾರದು ಎಂಬ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಮೋರಿ ನನ್ನ ಪಾಲಿಗಿರಲಿ ಎಂದು ಯಾವ ಮಹಾನುಭಾವ ತಾನೇ ಕೇಳುತ್ತಾನೆ? ಪಂಚರು ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡು ಹೋದರು.

ಅಣ್ಣನ ಬಚ್ಚಲ ನೀರು ಈ ಕಡೆಯಿಂದ, ತಮ್ಮನದು ಆ ಕಡೆಯಿಂದ ಬಂದು ಹೊಸ ಗೋಡೆಯ ಅಡಿಯಲ್ಲಿ ಕೂಡುತ್ತಿತ್ತು. ಅಲ್ಲಿಂದ ಹಿತ್ತಿಲಿಗೆ ಹರಿಯುತ್ತಿತ್ತು. ಕೆಲವು ಕಾಲ ಹೀಗೇ ನಡೆಯಿತು. ಅಣ್ಣತಮ್ಮಂದಿರಿಗೆ ಮಾತು ಬಿಟ್ಟುಹೋಗಿತ್ತು, ಮೋರಿಗೆ ಅದು ಗೊತ್ತಿರಲಿಲ್ಲ.

ಆ ವರ್ಷ ವ್ಯಾಪಾರಿಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಒಬ್ಬಳೇ ಮಗಳು, ಮೊದಲ ಬಾಣಂತನ. ಬೀಗರ ಮನೆಯವರು ಮೂಗಿನ ಮೇಲೆ ಬೆರಳಿಡುವ ಹಾಗೆ ಬಾಣಂತನ ಮಾಡಿ ಕಳಿಸಬೇಕೆಂದು ವ್ಯಾಪಾರಿಯ ಆಸೆ. ಬಾಣಂತಿಗೆ ನೀರು ಹಾಕುವುದೆಂದರೆ ಎರಡು ಚೊಂಬು ಸುರಿದು ಏಳಿಸುವುದಲ್ಲ. ತಲೆಗೆ ಮೈಗೆ ಎಣ್ಣೆ ತಿಕ್ಕಿ, ಸೀಗೆಪುಡಿ ಕಡಲೆಹಿಟ್ಟು ಹಚ್ಚಿ, ಹಂಡೆ ಖಾಲಿಯಾಗುವ ತನಕ ಸುಡುಸುಡು ನೀರು ಹೊಯ್ಯಬೇಕು. ಅದಕ್ಕೆಂದೇ ಊರಿನ ಒಬ್ಬ ಮುದುಕಿ ದಿನಾ ಬರುತ್ತಿದ್ದಳು. ಬಾಣಂತಿಗೆ ನೀರು ಹಾಕಿದ ಮೇಲೆ ನೆಲದ ಮೇಲೆ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸುತ್ತಿದ್ದಳು.

ಅತ್ತ ತಮ್ಮನ ಮನೆಯಲ್ಲಿ ಹಾಲಿನ ಪಾತ್ರೆಗಳನ್ನು ಬೂದಿ ಹಾಕಿ, ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. ಈಚೆಯ ಎಣ್ಣೆ ಜಿಡ್ಡು, ಆಚೆಯ ಬೂದಿ ಮತ್ತು ನಾರು ಗೋಡೆಯ ಅಡಿಯಲ್ಲಿ ಕೂಡಿದವು. ಬರೀ ಎಣ್ಣೆಯಾಗಿದ್ದರೆ ಬಿಸಿನೀರಿಗೆ ಹರಿದುಹೋಗುತ್ತಿತ್ತೇನೋ. ಬರೀ ಬೂದಿಯಾಗಿದ್ದರೆ ಕೊಚ್ಚಿಹೋಗುತ್ತಿತ್ತು. ಎರಡೂ ಸೇರಿ ಗಾರೆಯ ಹಾಗೆ ಕಚ್ಚಿ ಕೂತವು. ಎರಡು ಬಚ್ಚಲಲ್ಲೂ ನೀರು ನಿಂತಿತು.

ಎಮ್ಮೆಯವರ ಬೂದಿಯಿಂದ ಹೀಗಾಯಿತು ಎಂದು ವ್ಯಾಪಾರಿ ಗೋಡೆಗೆ ಕೇಳಿಸುವ ಹಾಗೆ ಹೇಳಿದ. ಬಾಣಂತಿಯ ಜಿಡ್ಡಿನಿಂದ ಹೀಗಾಯಿತು ಎಂದು ಗೋಡೆಯ ಆಚೆಯಿಂದ ಉತ್ತರ ಬಂತು. ಕೂಲಿ ಕೊಟ್ಟು ಯಾರನ್ನಾದರೂ ಕರೆಸಿ ತೆಗೆಸಬಹುದಿತ್ತು. ಆದರೆ ಕರೆಸಿದವನೇ ಕೊಳೆಯ ಒಡೆಯ ಎಂದಾಗಿಬಿಡುತ್ತದಲ್ಲ! ಅದಕ್ಕೆ ಇಬ್ಬರೂ ತಯಾರಿರಲಿಲ್ಲ. ವ್ಯಾಪಾರಿ ತನ್ನ ಪಾಲಿನ ಅರ್ಧ ಕೋಲನ್ನು ಮೋರಿಯೊಳಗೆ ಹಾಕಿ ತಳ್ಳಿದ. ನನ್ನ ಕಡೆಯಿಂದ ಹೋದರೆ ಸಾಕು, ಆಚೆ ಏನಾದರೂ ಆಗಲಿ ಎಂಬುದು ಅವನ ಲೆಕ್ಕ. ಅದೇ ಹೊತ್ತಿಗೆ ತಮ್ಮನೂ ತನ್ನ ಅರ್ಧ ಕೋಲನ್ನು ಹಾಕಿ ಇತ್ತ ತಳ್ಳುತ್ತಿದ್ದ. ಅವನ ಲೆಕ್ಕವೂ ಅದೇ. ಒಂದೇ ಅಪ್ಪನ ಮಕ್ಕಳಲ್ಲವೇ!

ದಿನವೂ ಇಬ್ಬರೂ ತಳ್ಳಿದರು. ದಿನವೂ ಅದು ನಡುವೆ ಸಿಕ್ಕಿಕೊಂಡು ಇನ್ನಷ್ಟು ಗಟ್ಟಿಯಾಯಿತು. ಒಂದು ಬೆಳಿಗ್ಗೆ ವ್ಯಾಪಾರಿಯ ಕೋಲು ಜಿಡ್ಡನ್ನು ತೂರಿಕೊಂಡು ಹೋಗಿ ಯಾವುದಕ್ಕೋ ಟಕ್ ಎಂದು ತಗಲಿತು. ಮತ್ತೆ ತಳ್ಳಿದ. ಟಕ್. ಅವನಿಗೆ ಪಿತ್ತ ನೆತ್ತಿಗೇರಿತು. ತಮ್ಮ ಮೋರಿಯೊಳಗೆ ಕಲ್ಲು ತುರುಕಿದ್ದಾನೆ! ಬಾಣಂತಿ ಇರುವ ಮನೆ ಎಂಬ ಕರುಣೆಯಾದರೂ ಬೇಡವೇ? ಅವನು ಬೀದಿಗೆ ಬಂದು ಕೂಗಾಡಿದ. ತಮ್ಮನೂ ಅಷ್ಟೇ ಸಿಟ್ಟಿನಲ್ಲಿ ಬೀದಿಗೆ ಬಂದ. ಅವನಿಗೂ ಕಲ್ಲು ತಗಲಿತ್ತು.

ಮತ್ತೆ ಪಂಚರು ಬಂದರು. ಬಚ್ಚಲ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ನಿಂತರು. ಕಲ್ಲು ಇರುವುದಂತೂ ನಿಜ, ಇಬ್ಬರೂ ಹೇಳುತ್ತಿದ್ದಾರೆ ಎಂದರು. ಕಲ್ಲು ಇಟ್ಟವನೇ ತೆಗೆಯತಕ್ಕದ್ದು ಎಂದು ತೀರ್ಪು ಕೊಟ್ಟು, ಮಜ್ಜಿಗೆ ಕುಡಿದು ಹೋದರು. ಕಲ್ಲು ಇಟ್ಟವನು ಯಾರೂ ಇಲ್ಲದ್ದರಿಂದ ಯಾರೂ ತೆಗೆಯಲಿಲ್ಲ.

ಗೋಡೆ ನೀರು ಹೀರಿತು. ಬಾಣಂತಿಯ ಕೋಣೆಯಲ್ಲಿ ತಂಡಿ ಏರಿತು, ಕೂಸಿಗೆ ನೆಗಡಿಯಾಯಿತು. ಬಚ್ಚಲಲ್ಲಿ ಪಾದ ಮುಳುಗುವಷ್ಟು ಕೊಳೆನೀರು. ಇದರಲ್ಲಿ ಕಾಲು ನೀಡಿ ಕೂತು ಹಸುಗೂಸನ್ನು ಮೀಯಿಸುವುದು ತನ್ನಿಂದಾಗದು, ನೀರು ಇಳಿದ ಮೇಲೆ ಹೇಳಿಕಳಿಸಿ ಎಂದು ಮುದುಕಿ ಹೊರಟುಹೋದಳು. ವ್ಯಾಪಾರಿ ಆಗಲೂ ತಮ್ಮನನ್ನೇ ಬಯ್ಯುತ್ತ ಕೋಲು ಹುಡುಕುತ್ತಿದ್ದ. ಮಗಳು ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದು ನಿಂತಳು.

"ಅಪ್ಪಾ, ನನ್ನ ಅತ್ತೆ ಮನೆಗೆ ಕಳಿಸಿಬಿಡು. ಅಲ್ಲಿ ಬಚ್ಚಲು ಚಿಕ್ಕದು, ಆದ್ರೆ ನೀರು ಹೋಗುತ್ತೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಚುಚ್ಚಿತು. ಬಾಣಂತನ ಅರ್ಧಕ್ಕೇ ಬಿಟ್ಟು ಮಗಳು ತವರಿನಿಂದ ಹೋದಳು ಎಂದರೆ ಊರಿನಲ್ಲಿ ತಲೆಯೆತ್ತಿ ತಿರುಗುವುದು ಹೇಗೆ? ಊರಿನ ಮಾತು ಹಾಳಾಗಲಿ, ಮಗಳೇ ಬಾಯಿಬಿಟ್ಟು ಕೇಳುವಂತಾಯಿತಲ್ಲ! ಅವನಿಗೆ ನಾಚಿಕೆಯಾಯಿತು, ಅಳು ಬಂತು. ಕೋಲನ್ನು ಮೂಲೆಗೆಸೆದ. ಬಿಳಿ ಅಂಗಿಯನ್ನೂ ಬಿಚ್ಚದೆ ಕೊಳೆನೀರಿನಲ್ಲಿ ಬೋರಲಾಗಿ ಮಲಗಿ, ಮೋರಿಯೊಳಗೆ ಭುಜದವರೆಗೆ ಕೈ ಹಾಕಿದ.

ಕೈಗೆ ಸಿಕ್ಕಿದ್ದನ್ನು ಆಚೆಗೆ ತಳ್ಳಲು ಬರುವಂತಿರಲಿಲ್ಲ. ಮಲಗಿದವನ ತೋಳಿಗೆ ಅಷ್ಟು ಬಲವೆಲ್ಲಿ? ತನ್ನ ಕಡೆಗೇ ಎಳೆದುಕೊಳ್ಳಬೇಕಾಯಿತು. ಹಿಡಿ ಹಿಡಿಯಾಗಿ ಎಳೆದ. ಬಂದದ್ದರಲ್ಲಿ ಕೂದಲಿತ್ತು, ಸೀಗೆಪುಡಿಯಿತ್ತು, ನಾರಿತ್ತು, ಬೂದಿಯಿತ್ತು. ಯಾವುದು ಯಾರದೆಂದು ಹೇಳಲಾಗದಂತೆ ಕಲೆತುಹೋಗಿತ್ತು. ಇನ್ನಷ್ಟು ಒಳಗೆ ಕೈ ಚಾಚಿದಾಗ ಗಟ್ಟಿಯಾದದ್ದು ಬೆರಳಿಗೆ ತಗಲಿತು. ಸಿಕ್ಕಿತು ಕಲ್ಲು ಎಂದುಕೊಂಡ. ಅಷ್ಟರಲ್ಲಿ ಕಲ್ಲು ಮುಂದಕ್ಕೆ ಬಂದು ಅವನ ಅಂಗೈಯನ್ನು ಗುದ್ದಿತು.

ಕಲ್ಲು ಗುದ್ದುವುದುಂಟೇ? ಅವನು ಅದನ್ನು ಬಿಗಿಯಾಗಿ ಹಿಡಿದ. ದುಂಡಗಿತ್ತು. ಬೆರಳು ಸರಿಸಿದರೆ ಗೆಣ್ಣು ಸಿಕ್ಕಿತು. ಅಪ್ಪನ ಕೋಲು. ಅದರ ಇನ್ನೊಂದು ಅರ್ಧ.

ಗೋಡೆಯ ಆಚೆಯಿಂದ ತಮ್ಮನ ದನಿ ಬಂತು. "ಯಾರದು?"

"ನಾನು ಕಣೋ."

ಕೋಲು ತಳ್ಳುವುದು ನಿಂತಿತು. ಆಮೇಲೆ, "ನೀನು ಕಲ್ಲು ಇಟ್ಟಿರ್ಲಿಲ್ವಾ ಅಣ್ಣ?"

"ನೀನಿಟ್ಟಿದ್ದೀಯ ಅಂದ್ಕೊಂಡಿದ್ದೆ. ಕೋಲು ಬಿಡು ಈಗ. ನಾನು ಈ ಕಡೆ ಎಳ್ಕೋತೀನಿ."

ತಮ್ಮ ಕೋಲು ಬಿಟ್ಟ. ಅಣ್ಣ ಎಳೆದ. ಕೋಲಿನ ಜೊತೆಗೆ ಗೋಡೆಯಡಿಯಲ್ಲಿ ಕಚ್ಚಿ ಕೂತಿದ್ದದ್ದೆಲ್ಲ ಕಿತ್ತುಬಂದು ಅವನ ಮುಖ, ಎದೆ, ಬಿಳಿ ಅಂಗಿಯ ಮೇಲೆ ಸುರಿಯಿತು. ಒಳಗೆ ಗಳಗಳ ಸದ್ದಾಯಿತು. ಮೊದಲು ಈಚೆಯ ನೀರು ಇಳಿಯಿತು, ಹಿಂದೆಯೇ ಆಚೆಯ ನೀರೂ ಇಳಿಯಿತು. ನಿನ್ನ ಕಡೆ ಹೋಯಿತೇ ಎಂದು ತಮ್ಮ ಕೇಳಿದ. ಹೋಯಿತು, ನಿನ್ನದು ಎಂದು ಅಣ್ಣ ಕೇಳಿದ. ಮಾತು ಬಿಟ್ಟ ಮೇಲೆ ಅವರು ಒಬ್ಬರನ್ನೊಬ್ಬರು ವಿಚಾರಿಸಿಕೊಂಡದ್ದು ಅದೇ ಮೊದಲು, ಅದೂ ಮೋರಿಯ ಬಾಯಿಗೆ ಬಾಯಿಟ್ಟು. ಮರುದಿನ ಬಿಸಿಲೇರುವ ಮೊದಲೇ ಮುದುಕಿ ಬಂದು ಕಾಲು ನೀಡಿ ಕೂತಳು.

ಸ್ವಾಮಿಗಳು ಇಲ್ಲಿಗೆ ನಿಲ್ಲಿಸಿದರು. ಚನ್ನವೀರ ಕಾದ. ಅವರು ಮುಂದುವರಿಸುವಂತೆ ಕಾಣಲಿಲ್ಲ.

"ಆಮೇಲೆ ಗೋಡೆ ಒಡೆದು ಒಂದಾದರಾ ಬುದ್ಧಿ?"

ಇಲ್ಲ, ಗೋಡೆ ಈಗಲೂ ಇದೆ, ಅಷ್ಟಿಷ್ಟು ಜಗಳವೂ ಇದೆ ಎಂದರು ಸ್ವಾಮಿಗಳು. ಕೋಲಿನ ಎರಡು ತುಂಡುಗಳನ್ನು ಮಾತ್ರ ತಂತಿ ಸುತ್ತಿ ಒಂದು ಮಾಡಿ, ಹಿತ್ತಿಲಲ್ಲಿ ಇಬ್ಬರಿಗೂ ಕೈಗೆಟಕುವ ಕಡೆ ಒರಗಿಸಿದ್ದಾರೆ.

ಚನ್ನವೀರನಿಗೆ ಕತೆ ಹಿಡಿಸಿತ್ತು. ಆದರೆ ಸಿಟ್ಟು ಇಳಿದಿರಲಿಲ್ಲ. ಬೆಳಗಿನಿಂದ ಸೋತ ತೋಳು ಇನ್ನೂ ನೋಯುತ್ತಿತ್ತು. ಅವನು ಎದ್ದು ಅಂಗಳಕ್ಕಿಳಿದು ಕೋಲು ಎತ್ತಿಕೊಂಡ. ಅಡುಗೆಮನೆಯ ಕಡೆಯಿಂದ ಮರುಳಯ್ಯ ಏದುಸಿರು ಬಿಡುತ್ತ ಯಾರನ್ನೋ ಬಯ್ಯುತ್ತಿರುವುದು ಕೇಳಿಸುತ್ತಿತ್ತು.

"ಅವರದೇನೋ ಕೋಲಾಗಿತ್ತು ಬುದ್ಧಿ, ಒಪ್ಪಿದೆ. ನಮ್ಮಲ್ಲಿರೋದು ಖಂಡಿತ ಇಟ್ಟಿಗೇನೇ. ನಾನು ತಳ್ಳಿದಷ್ಟೂ ಅದು ಎದುರು ತಳ್ಳುತ್ತೆ."

ಸ್ವಾಮಿಗಳು ಹೇಳಿದರು: "ಹಾಗಾದರೆ ಆ ಇಟ್ಟಿಗೆಯನ್ನು ಒಂದು ಸಲ ಮರುಳಯ್ಯ ಅಂತ ಕೂಗಿ ನೋಡು, ಓ ಅನ್ನುತ್ತೋ ಏನೋ."

ಚನ್ನವೀರ ಕೈಯಲ್ಲಿದ್ದ ಕೋಲಿನ ತುದಿಯನ್ನೊಮ್ಮೆ ನೋಡಿ, ಅದನ್ನು ಜಗಲಿಗೆ ಒರಗಿಸಿ, ಅಡುಗೆಮನೆಯ ಕಡೆಗೆ ಹೊರಟ.