ಅಂಗೈ ದಾಟಿದ ಬೆಳಕು

ಪ್ರಯೋಗಶಾಲೆಯ ಗಾಜಿನ ಮೇಜಿನ ಮೇಲೆ ಎರಡು ಸೀಸೆಗಳಿದ್ದವು, ಎರಡರಲ್ಲೂ ದೀಪ ತಗುಲಿದರೆ ತಾನೇ ಹೊಳೆಯಬೇಕಾದ ಹೊಸ ಪಾಲಿಮರ್. ಕೆಳಗಿನಿಂದ ದೀಪ ಹಾಕಿದಾಗ ಹೊಳೆದದ್ದು ಕಪಾಟಿಗೆ, ಹೊಳೆಯದ್ದು ಕಸದ ಡಬ್ಬಿಗೆ. ವಿದ್ಯಾವಂತರ ಪದ್ಧತಿ ಅಷ್ಟು ಸರಳ. ದೀಪ ಹತ್ತಿತು. ಹಸಿರು ಸೀಸೆ ಝಗಝಗಿಸಿತು. ಕಪ್ಪು ಸೀಸೆ ಕಪ್ಪಾಗಿಯೇ ಉಳಿಯಿತು.

“ನಾನೂ ಹೊಳೆಯುತ್ತಿದ್ದೇನೆ ಅಕ್ಕಾ. ನನ್ನ ಬೆಳಕು ಕೆಂಪನ್ನೂ ದಾಟಿದ್ದು, ಮನುಷ್ಯರ ಕಣ್ಣಿಗೆ ಬೀಳುವುದಿಲ್ಲ,” ಎಂದಿತು ಕಪ್ಪು ಸೀಸೆ.

“ನಪಾಸಾದವರೆಲ್ಲ ಹೇಳುವುದೇ ಹೀಗೆ, ತಮ್ಮಾ,” ಎಂದು ಹಸಿರು ಸೀಸೆ ನಕ್ಕಿತು. “ಬಾ ಕಂದಾ,” ಎಂದು ಕಸದ ಡಬ್ಬಿ ಬಾಯಿ ತೆರೆಯಿತು.

ಸಂಶೋಧಕಿ ಶರ್ವಾಣಿ ಕಪ್ಪು ಸೀಸೆಯನ್ನು ಎಸೆಯಲೆಂದು ಅದರ ಮೇಲೆ ಅಂಗೈ ಇಟ್ಟಳು. ಮೇಲೆ ತೂಗುತ್ತಿದ್ದ ಕ್ಯಾಮೆರಾ ಮನುಷ್ಯರ ಕಣ್ಣಿಗಿಂತ ಹೆಚ್ಚು ಕಾಣಬಲ್ಲದು. “ತಡೆಯಿರಿ ತಾಯಿ! ನಿಮ್ಮ ಕೈ ತೂರಿ ಬೆಳಕು ಬರುತ್ತಿದೆ!” ಎಂದು ಅದು ಕೂಗಿತು. ಕ್ಯಾಮೆರಾದ ಪರದೆಯ ಮೇಲೆ ಅಂಗೈ ಹುಣ್ಣಿಮೆಯಂತೆ ಬೆಳಗಿತ್ತು. ಮೈ ತೂರುವ ಬೆಳಕು ಸಿಕ್ಕಿತೆಂದು ಶರ್ವಾಣಿ ಕುಣಿದೇಬಿಟ್ಟಳು. ಡಬ್ಬಿ ಬಾಯಿ ಮುಚ್ಚಿಕೊಂಡಿತು.

ಹೋಲಿಸಿ ನೋಡಲೆಂದು ಅವಳು ಹಸಿರು ಸೀಸೆಯ ಮೇಲೂ ಅಂಗೈ ಇಟ್ಟಳು. ಹಸಿರು ಬೆಳಕು ಕೈ ದಾಟಲಿಲ್ಲ; ಪರದೆ ಕತ್ತಲಾಯಿತು. “ನಾನು ಹೊಳೆಯುತ್ತಲೇ ಇದ್ದೇನೆ ಕಣೋ!” ಎಂದು ಕೈಯಡಿಯಿಂದ ಗಾಬರಿಯ ದನಿ ಬಂತು.

“ನಂಬಿದೆ ಅಕ್ಕಾ,” ಎಂದಿತು ಕಪ್ಪು ಸೀಸೆ, ನಗು ತಡೆಯಲಾರದೆ.